ಗೂಡು ಕಾಯುವುದಿಲ್ಲ: ಒಪ್ಪಂದದ ಪರ ವಾದಿಸುವವರಿಗೆ ಉತ್ತರ

ರೇಷ್ಮೆಗೂಡಿನ ಹರಾಜು ಹಳೆಯ ಕಾಲದ್ದಾಯಿತು, ಇನ್ನು ರೈತರು ಮತ್ತು ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಕಾರ್ಖಾನೆಯವರು ಮೊದಲೇ ಕೂತು ದರ, ಪ್ರಮಾಣ, ಗುಣಮಟ್ಟ ಬರೆದುಕೊಂಡು ನೇರವಾಗಿ ಕೊಟ್ಟು ತೆಗೆದುಕೊಳ್ಳಲಿ ಎಂಬ ವಾದ ನಮ್ಮ ಕಡೆ ಆಗಾಗ ಏಳುತ್ತದೆ. ಬೆಲೆ ಬಿದ್ದ ತಿಂಗಳು ಅದು ರೈತರ ಬಾಯಲ್ಲಿರುತ್ತದೆ, ಬೆಲೆ ಏರಿದ ತಿಂಗಳು ರೀಲರ್‌ಗಳ ಬಾಯಲ್ಲಿ. ಏರಿಳಿತ ಎರಡೂ ಇಲ್ಲದಾಗ, ದೊಡ್ಡ ಕಂಪನಿಗಳ ಖರೀದಿ ವಿಭಾಗದಲ್ಲಿ ದುಡಿದು ಬಂದ ಸಲಹೆಗಾರರು ಅದನ್ನು ಎತ್ತಿಕೊಳ್ಳುತ್ತಾರೆ. ನಮ್ಮ ರಾಮನಗರ ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಎಂದಾಯಿತು. ಗೂಡು ಹೊತ್ತವರು ಮಾತ್ರ ಈಗಲೂ ರಾಮನಗರಕ್ಕೆ ಹೋಗಿಬರ್ತೀವಿ ಅಂತಲೇ ಮನೆ ಬಿಡುತ್ತಾರೆ. ಅವರು ಹೋಗುವ ಆ ಸರ್ಕಾರಿ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಎಂಬ ಹೆಮ್ಮೆಯನ್ನು ಪಕ್ಕಕ್ಕಿಡೋಣ. ದೊಡ್ಡದು ಅನ್ನುವ ಕಾರಣಕ್ಕೆ ಯಾವುದನ್ನೂ ಉಳಿಸಿಕೊಳ್ಳಬೇಕಾಗಿಲ್ಲ. ನಾನು ಹೇಳುವುದು ಇಷ್ಟು: ಹರಾಜು ಉಳಿಯಬೇಕು, ಹಣ ಕಟ್ಟಿದ ಮೇಲೆಯೇ ಗೂಡು ಎತ್ತುವ ನಿಯಮವೂ ಉಳಿಯಬೇಕು. ಒಪ್ಪಂದ ಕೇಳುವವರ ವಾದಗಳಲ್ಲಿ ಹುರುಳಿರುವವೂ ಇವೆ. ಒಪ್ಪಬೇಕಾದ್ದನ್ನು ಒಪ್ಪಿಕೊಂಡೇ ಉತ್ತರ ಹೇಳುತ್ತೇನೆ.

ಉತ್ತರಕ್ಕೆ ಮುಂಚೆ ಮಾರಾಟದ ವಸ್ತು ಎಂಥದೆಂದು ನೋಡಬೇಕು. ಅದನ್ನು ನೋಡದೆ ಬರೆದ ಯಾವ ಕರಾರೂ ನಿಲ್ಲುವುದಿಲ್ಲ.

ಸಾತನೂರು ಕಡೆಯ ಒಂದು ಹುಳು ಮನೆ ಎಂದಿಟ್ಟುಕೊಳ್ಳಿ. ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ನಾಲ್ಕು ಹಂತ, ದಾಟಿ ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟಿದ್ದಾರೆ. ಎರಡು ಮೂರು ದಿನದಲ್ಲಿ ಗೂಡು ಕಟ್ಟಿ ಮುಗಿಯುತ್ತದೆ. ಒಳಗೆ ಹುಳು ಕೋಶವಾಗಿ ಗಟ್ಟಿಯಾಗುವ ತನಕ ಕಾದು, ಮಿಶ್ರತಳಿಯಾದರೆ ಐದಾರನೇ ದಿನ ಬಿಡಿಸುತ್ತಾರೆ. ಹತ್ತು ಹನ್ನೆರಡನೇ ದಿನದ ಹೊತ್ತಿಗೆ ಪತಂಗ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲಾಗದು, ಅದರ ಬೆಲೆ ತ್ಯಾಜ್ಯದ ಬೆಲೆ. ಈ ನಡುವೆ ದಿನ ದಿನಕ್ಕೂ ತೂಕ ಇಳಿಯುತ್ತಿರುತ್ತದೆ, ಯಾಕೆಂದರೆ ಗೂಡಿನ ತೂಕದ ಐದರಲ್ಲಿ ನಾಲ್ಕು ಪಾಲು ಒಳಗಿನ ಜೀವದ್ದು. ಬಿಸಿ ಹವೆಯಲ್ಲಿ ಕೋಶವನ್ನು ಕೊಂದು ಒಣಗಿಸಿದರೆ ಗೂಡನ್ನು ತಿಂಗಳುಗಟ್ಟಲೆ ಇಡಬಹುದು. ಆದರೆ ಆ ಯಂತ್ರ ಇರುವುದು ಕೊಳ್ಳುವವರ ಹತ್ತಿರ, ಬೆಳೆದವರ ಹತ್ತಿರವಲ್ಲ. ಹಾಗಾಗಿ ಬಿಡಿಸಿದ ದಿನದಿಂದ ಮಾರುವವರ ಕೈಯಲ್ಲಿರುವುದು ನಾಲ್ಕೈದು ದಿನದ ಅವಕಾಶ, ಕೊಳ್ಳುವವರ ಕೈಯಲ್ಲಿರುವುದು ವರ್ಷ ಪೂರ್ತಿ. ಚನ್ನಪಟ್ಟಣದ ಬೊಂಬೆ ಮಾಡುವವರು ವರ್ತಕರ ಬೆಲೆ ಸರಿಬರಲಿಲ್ಲವೆಂದರೆ ಮಾಲನ್ನು ಅಟ್ಟದ ಮೇಲಿಟ್ಟು ಮುಂದಿನ ದಸರಾಕ್ಕೆ ಕಾಯಬಹುದು. ಹಾಲೆ ಮರಕ್ಕೆ ಹಾಕಿದ ದುಡ್ಡು ಅಲ್ಲಿಯವರೆಗೆ ಸಿಕ್ಕಿಹಾಕಿಕೊಂಡಿರುತ್ತದೆ, ನಿಜ, ಆದರೆ ಬೊಂಬೆ ಬೊಂಬೆಯಾಗಿಯೇ ಇರುತ್ತದೆ.

ಈಗ ಮೊದಲ ವಾದ. ಹರಾಜು ಜೂಜು, ಹುಳು ಕಟ್ಟುವ ದಿನವೇ ದರ ಗೊತ್ತಿದ್ದರೆ ರೈತರಿಗೆ ನೆಮ್ಮದಿ ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಬೆಲೆಯ ಏರಿಳಿತ ನಿಜವಾದ ಕಷ್ಟ, ಅದನ್ನು ಅಲ್ಲಗಳೆಯುವವನು ಗೂಡು ಮಾರಿದವನಲ್ಲ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಚೀನಾದ ನೂಲು ಅಗ್ಗವಾಯಿತು, ಇಲ್ಲಿ ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. ಸುಂಕವನ್ನು ಶೇ 15ಕ್ಕೆ ಏರಿಸಲು 2013ರ ಬಜೆಟ್ ಬರಬೇಕಾಯಿತು. 2020ರ ಲಾಕ್‌ಡೌನ್‌ನಲ್ಲಿ ಮದುವೆ ನಿಂತವು, ಸೀರೆ ಅಂಗಡಿಗಳು ಬಾಗಿಲು ಹಾಕಿದವು, ಮಗ್ಗಗಳು ನಿಂತವು, ಗೂಡು ಕೇಳುವವರಿಲ್ಲದಾಯಿತು. ಅಲ್ಲಿಂದ ಎರಡು ವರ್ಷವೂ ಆಗಿರಲಿಲ್ಲ, 2022ರ ಆರಂಭದಲ್ಲಿ ಇದೇ ರಾಮನಗರದಲ್ಲಿ ದ್ವಿತಳಿ ಗೂಡು ಕೆಜಿಗೆ 900 ರೂಪಾಯಿ ದಾಟಿತು.

ಈ ವರ್ಷಗಳಲ್ಲಿ ನಿಮ್ಮ ಒಪ್ಪಂದ ಇದ್ದಿದ್ದರೆ ಏನಾಗುತ್ತಿತ್ತು? ಲೆಕ್ಕ ಹಾಕೋಣ. ಕರಾರಿನ ದರ ಕೆಜಿಗೆ 500, ಪೇಟೆ 300ಕ್ಕೆ ಇಳಿದಿದೆ ಎಂದಿಟ್ಟುಕೊಳ್ಳಿ. ಒಂದು ಕೆಜಿ ನೂಲಿಗೆ ಏಳು ಕೆಜಿ ಗೂಡು ಬೇಕೆಂದರೆ, ಕರಾರಿಗೆ ಕಟ್ಟುಬಿದ್ದ ಕಾರ್ಖಾನೆಗೆ ನೂಲಿನ ಮೇಲೆ ಗೂಡಿನ ಖರ್ಚೇ 3,500 ರೂಪಾಯಿ, ಪಕ್ಕದ ಬೀದಿಯ ರೀಲರ್‌ಗೆ 2,100. ನೂಲನ್ನು ಇಬ್ಬರೂ ಒಂದೇ ಬೆಲೆಗೆ ಮಾರಬೇಕು. ಆ 1,400 ರೂಪಾಯಿ ನುಂಗಿಕೊಂಡು ಮಾತು ಉಳಿಸಿಕೊಳ್ಳುವ ಕಾರ್ಖಾನೆ ಎಷ್ಟು ದಿನ ನಡೆದೀತು? ನಡೆಯುವುದಿಲ್ಲ. ಅವರು ಕರಾರು ಮುರಿಯುತ್ತಾರೆ, ಅಥವಾ ಮುರಿದೆ ಎನ್ನದೆಯೇ ಮುರಿಯುತ್ತಾರೆ: ಗೂಡು ಜಾಳಾಗಿದೆ, ಜೋಡಿ ಗೂಡು ಜಾಸ್ತಿ, ಈ ವಾರ ಒಲೆ ರಿಪೇರಿ, ಬರುವ ಸೋಮವಾರ ತನ್ನಿ. ಬರುವ ಸೋಮವಾರ ಪತಂಗ ಬಂದಿರುತ್ತದೆ.

ತಿರುಗಿಸಿ ನೋಡಿ. ಕರಾರು 500, ಪೇಟೆ 900. ಈಗ ಮುರಿಯುವ ಆಸೆ ರೈತರದ್ದು. ಅವರು ರಾತ್ರೋರಾತ್ರಿ ಗೂಡನ್ನು ಬೇರೆ ಕಡೆ ಸಾಗಿಸಿದರೆ ಅದನ್ನು ಮೋಸ ಎನ್ನುತ್ತೀರಿ, ಒಪ್ಪಿದೆ. ಆದರೆ ಅವರನ್ನು ಹಿಡಿಯುವುದು ಸುಲಭ. ಮೊಟ್ಟೆ, ಸೋಂಕುನಿವಾರಕ, ಚಂದ್ರಿಕೆ ಎಲ್ಲವನ್ನೂ ಕಾರ್ಖಾನೆ ಸಾಲವಾಗಿ ಕೊಟ್ಟಿರುತ್ತದೆ. ಮುಂದಿನ ಬೆಳೆಗೆ ನಿಲ್ಲಿಸುತ್ತದೆ, ಖಾಲಿ ಚೆಕ್ ಇದ್ದರೆ ಅದನ್ನೂ ತೆಗೆಯುತ್ತದೆ. ಕಾರ್ಖಾನೆ ಮುರಿದರೆ ರೈತರು ಏನು ಮಾಡಬೇಕು? 1872ರ ಕರಾರು ಕಾಯ್ದೆಯ 73ನೇ ಕಲಮು ನಷ್ಟ ಕೇಳುವ ಹಕ್ಕು ಕೊಡುತ್ತದೆ. 150 ಕೆಜಿ ಗೂಡಿಗೆ 200ರಂತೆ 30,000 ರೂಪಾಯಿ. ಆ ಮೂವತ್ತು ಸಾವಿರಕ್ಕೆ ಹುಳಕ್ಕೆ ಸೊಪ್ಪು ಹಾಕುವುದು ಬಿಟ್ಟು ಕೋರ್ಟಿನ ಕಂಬ ಸುತ್ತುವವರು ಯಾರು? ವಕೀಲರ ಫೀಜೇ ಅದನ್ನು ಮೀರುತ್ತದೆ. ಕೇಂದ್ರದ 2020ರ ಕೃಷಿ ಒಪ್ಪಂದ ಕಾಯ್ದೆ ಇಂಥ ತಕರಾರುಗಳನ್ನು ಸಿವಿಲ್ ನ್ಯಾಯಾಲಯದಿಂದ ತಪ್ಪಿಸಿ ಉಪವಿಭಾಗಾಧಿಕಾರಿಗಳ ಕಚೇರಿಗೆ ಕಳಿಸಿತ್ತು. ಅದೂ 2021ರ ಕೊನೆಗೆ ರದ್ದಾಯಿತು. ಇದ್ದಿದ್ದರೂ, ನೂರಾರು ಕಡತಗಳ ಕೆಳಗಿನ ಒಂದು ಗೂಡಿನ ತಕರಾರು ನಾಲ್ಕು ದಿನದಲ್ಲಿ ಮೇಲೆ ಬರುತ್ತಿತ್ತೆಂದು ನಂಬಲು ನಾನು ತಯಾರಿಲ್ಲ.

ಮಿಡಿ ಸೌತೆಯ ಉದಾಹರಣೆಯನ್ನು ಒಪ್ಪಂದದವರು ತಪ್ಪದೆ ತರುತ್ತಾರೆ. ತುಮಕೂರು, ಹಾಸನ, ದಾವಣಗೆರೆ ಕಡೆ ದಶಕಗಳಿಂದ ಕಂಪನಿಗಳು ಬೀಜ ಗೊಬ್ಬರ ಕೊಟ್ಟು, ಫೀಲ್ಡ್‌ಮನ್ ಇಟ್ಟು, ಕಾಯಿಯ ಗಾತ್ರದ ಮೇಲೆ ದರ ಕಟ್ಟಿ ಕೊಳ್ಳುತ್ತಿವೆ. ಅಲ್ಲಿ ನಡೆದದ್ದು ಇಲ್ಲೇಕೆ ನಡೆಯದು? ಅಲ್ಲಿ ನಡೆಯುವುದಕ್ಕೆ ಕಾರಣ ಒಂದೇ. ಮಿಡಿ ಸೌತೆಯನ್ನು ನಮ್ಮ ಸಂತೆಯಲ್ಲಿ ಕೊಳ್ಳುವವರಿಲ್ಲ. ಕಂಪನಿ ಬಿಟ್ಟರೆ ಬೇರೆ ಬಾಗಿಲಿಲ್ಲ, ಆದ್ದರಿಂದ ರೈತ ಕರಾರು ಮುರಿಯಲಾರ. ಒಂದು ದಿನ ಕೊಯ್ಯಲು ತಡವಾಗಿ ಕಾಯಿ ದಪ್ಪವಾದರೆ ಕೆಳಗಿನ ದರ್ಜೆಯ ದರ, ಇಲ್ಲವೇ ದನದ ಮುಂದೆ. ನಿಮಗೆ ಬೇಕಿರುವುದು ಅಂಥ ಭದ್ರತೆಯೇ? ಗೂಡಿಗೆ ಇವತ್ತು ಬೇರೆ ಬಾಗಿಲಿದೆ, ಅದು ಹರಾಜು. ನಾಳೆ ನೀವು ಬರೆಯುವ ಕರಾರಿನ ದರವೂ ಅಂದಂದಿನ ರಾಮನಗರದ ಸರಾಸರಿಯನ್ನು ನೋಡಿಯೇ ನಿಗದಿಯಾಗಬೇಕು. ಗೂಡೆಲ್ಲ ಕಾರ್ಖಾನೆಗಳ ಗೇಟಿಗೆ ಹೋಗಿ ಮಾರುಕಟ್ಟೆ ಬಡವಾದರೆ ನೋಡಿಕೊಳ್ಳಲು ಸರಾಸರಿ ಎಲ್ಲಿ ಉಳಿಯುತ್ತದೆ?

ಕಾನೂನನ್ನು ಇನ್ನೊಂದು ಕಡೆಯಿಂದ ನೋಡಿದರೂ ನನ್ನ ವಾದವೇ ನಿಲ್ಲುತ್ತದೆ. 1930ರ ಸರಕು ಮಾರಾಟ ಕಾಯ್ದೆಯ 47ನೇ ಕಲಮಿನಂತೆ, ಹಣ ಬಾರದ ಮಾರಾಟಗಾರ ಮಾಲನ್ನು ತನ್ನ ಬಳಿಯೇ ಹಿಡಿದಿಟ್ಟುಕೊಳ್ಳಬಹುದು. ದಿನಸಿ, ಕಬ್ಬಿಣ, ಬಟ್ಟೆ ಮಾರುವವರಿಗೆ ಅದು ದೊಡ್ಡ ಆಯುಧ. ಗೂಡು ಮಾರುವವರಿಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ, ಹಿಡಿದಿಟ್ಟಷ್ಟೂ ನಷ್ಟ ಅವರಿಗೇ. ಕೆಟ್ಟುಹೋಗುವ ಮಾಲನ್ನು ತಡಮಾಡದೆ ಬೇರೆಯವರಿಗೆ ಮಾರಬಹುದೆಂದು 54ನೇ ಕಲಮು ಹೇಳುತ್ತದೆ. ಯಾರಿಗೆ ಮಾರುವುದು? ಅಷ್ಟು ಹೊತ್ತಿಗೆ ನೂರಾರು ಕೊಳ್ಳುವವರು ಒಂದೇ ಕಡೆ ಸೇರಿರುವ ಜಾಗ ಇರಬೇಕು. ಆ ಜಾಗವನ್ನೇ ಬೇಡವೆನ್ನುತ್ತಿದ್ದೀರಿ.

ಎರಡನೆಯ ವಾದ ಗುಣಮಟ್ಟದ್ದು. ಇದು ಗಟ್ಟಿ ವಾದ, ಇದಕ್ಕೆ ಹೆಚ್ಚು ಹೊತ್ತು ಕೊಡಬೇಕು.

ಮಾರುಕಟ್ಟೆಯೊಳಗೆ ನಡೆಯುವುದು ಹೀಗೆ. ಜಾಲರಿಯಲ್ಲಿ ಗೂಡು ಸುರಿದು ಲಾಟ್ ನಂಬರ್ ಹಾಕಿರುತ್ತದೆ. ರೀಲರ್ ಬರುತ್ತಾರೆ, ಕೈಯನ್ನು ತಳದವರೆಗೆ ಇಳಿಸಿ ಒಂದು ಹಿಡಿ ಮೇಲೆ ತರುತ್ತಾರೆ. ಮೇಲಿನ ಪದರಕ್ಕೆ ಒಳ್ಳೆ ಗೂಡು ಹರಡುವ ಚಾಳಿ ಅವರಿಗೆ ಗೊತ್ತು. ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಕೋಶ ಬಲಿತಿದ್ದರೆ ಟಕಟಕ ಅನ್ನುತ್ತದೆ, ಒಳಗೇ ಕರಗಿದ್ದರೆ ಸದ್ದಿಲ್ಲ. ಹೆಬ್ಬೆರಳಲ್ಲಿ ಒತ್ತಿ ಕವಚದ ಗಟ್ಟಿತನ ನೋಡುತ್ತಾರೆ. ಬ್ಲೇಡಿನಲ್ಲಿ ಒಂದನ್ನು ಸೀಳಿ, “ಗೌಡ್ರೇ, ಹುಳ ಕರಗಿದೆಯಲ್ಲ” ಎನ್ನುತ್ತಾರೆ. “ಒಂದ್ ಕುಯ್ದು ಹಂಗನ್ಬೇಡಿ ಸಾಹೇಬ್ರೇ, ಇನ್ನೆರಡು ಕುಯ್ದು ನೋಡಿ” ಎಂದು ಈಚೆಯಿಂದ ಉತ್ತರ. ಅರ್ಧ ನಿಮಿಷದಲ್ಲಿ ಈ ಲಾಟು ಎಷ್ಟು ರೆಂಡಿಟ್ಟಾ ಕೊಟ್ಟೀತೆಂದು, ಅಂದರೆ ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ತಿಂದೀತೆಂದು, ತಲೆಯಲ್ಲೇ ಲೆಕ್ಕ ಹಾಕಿ ಮೊಬೈಲಿನಲ್ಲಿ ದರ ಒತ್ತುತ್ತಾರೆ. ಆರಕ್ಕೆ ಬರುವ ಲಾಟಿಗೂ ಎಂಟಕ್ಕೆ ಬರುವ ಲಾಟಿಗೂ ಕಾಲು ಭಾಗದ ವ್ಯತ್ಯಾಸ. ಅಷ್ಟು ದೊಡ್ಡ ಮೊತ್ತವನ್ನು ಕಿವಿ ಹೆಬ್ಬೆರಳುಗಳ ಮೇಲೆ ಬಿಟ್ಟಿದ್ದೀರಿ ಎಂದು ಒಪ್ಪಂದದವರು ನಕ್ಕರೆ ಸಿಟ್ಟಾಗಬೇಕಿಲ್ಲ. ಸ್ವಯಂಚಾಲಿತ ರೀಲಿಂಗ್ ಯಂತ್ರ ಹಾಕಿದವರಿಗೆ ಒಂದೇ ಹದದ ದ್ವಿತಳಿ ಗೂಡು ಬೇಕು. ಹತ್ತು ಮನೆಯ ಹತ್ತು ಲಾಟು ಬೆರೆಸಿದರೆ ಯಂತ್ರದಲ್ಲಿ ಎಳೆ ಹರಿಯುತ್ತದೆ. ಅವರ ಕಷ್ಟ ನಿಜ.

ಆದರೆ ಕೇಳಬೇಕಾದ ಪ್ರಶ್ನೆ, ಪರೀಕ್ಷೆ ಮಾಡುವವರು ಯಾರು, ಎಲ್ಲಿ, ಯಾವಾಗ? ನೀವು ಬರೆಯುವ ಕರಾರಿನಲ್ಲಿ ಗೂಡು ಕಾರ್ಖಾನೆಯ ಗೇಟು ದಾಟಿದ ಮೇಲೆ, ಕಾರ್ಖಾನೆಯವರ ಮೇಜಿನ ಮೇಲೆ, ಅವರ ಸಂಬಳದ ಆಳು ಪರೀಕ್ಷೆ ಮಾಡುತ್ತಾರೆ. ಅಲ್ಲಿಗೆ ದರವನ್ನು ಕಾರ್ಖಾನೆಯವರೇ ಎರಡನೇ ಸಲ ಕಟ್ಟಿದಂತಾಯಿತು. ಜಪಾನಿನ ಗುನ್ಜೆ, ಕಟಕುರ ಕಂಪನಿಗಳು ರೈತರ ಜೊತೆ ನೇರ ಕರಾರು ಮಾಡಿಕೊಂಡು ಜಗತ್ತಿನ ನೂಲಿನ ಪೇಟೆ ಗೆದ್ದವೆಂದು ಹೇಳುತ್ತೀರಿ. ಗೆದ್ದದ್ದು ಹೌದು. ಅಲ್ಲಿ ಕಂಪನಿಯ ಎದುರು ಕೂತಿದ್ದದ್ದು ಒಂಟಿ ರೈತನಲ್ಲ, ರೈತರ ಸಹಕಾರ ಸಂಘ. ನಡುವೆ ಸರ್ಕಾರದ ಗೂಡು ಪರೀಕ್ಷಾ ಕೇಂದ್ರಗಳು ಬಂದು, ಮಾದರಿ ಗೂಡಿನಿಂದ ಎಷ್ಟು ನೂಲು ಬಂತೆಂದು ಬಿಚ್ಚಿ ನೋಡಿ ಹೇಳಿದ ಮೇಲೆ ದರ. ಆ ಎರಡು ತುಂಡನ್ನು ಬಿಟ್ಟು ಕರಾರನ್ನಷ್ಟೇ ಎತ್ತಿಕೊಂಡು ಬರುವುದು ಜಾಣತನವಿರಬಹುದು, ನ್ಯಾಯವಂತೂ ಅಲ್ಲ.

ದೂರ ಹೋಗುವುದೂ ಬೇಡ. ಕನಕಪುರದ ಯಾವ ಹಳ್ಳಿಯ ಡೇರಿಗಾದರೂ ಬೆಳಗಿನ ಹೊತ್ತು ಹೋಗಿ. ಬಮೂಲ್‌ಗೆ ಹಾಲು ಹಾಕುವ ಹೆಂಗಸಿನ ಎದುರಿಗೇ ಯಂತ್ರ ಜಿಡ್ಡು, ಘನಾಂಶ ತೋರಿಸುತ್ತದೆ, ಚೀಟಿ ಕೈಗೆ ಬರುತ್ತದೆ. ತಕರಾರಿದ್ದರೆ ಹಾಲು ಇನ್ನೂ ಅಲ್ಲೇ ಇದೆ. ಗೂಡಿಗೂ ಅದೇ ಬೇಕು: ಹರಾಜಿಗೆ ಮುಂಚೆ, ಮಾರುಕಟ್ಟೆಯ ಒಳಗೇ, ಇಬ್ಬರಿಗೂ ಸೇರದವರಿಂದ ಪರೀಕ್ಷೆ, ಅದರ ಅಂಕಿ ಲಾಟ್ ನಂಬರಿನ ಜೊತೆ ಪರದೆಯ ಮೇಲೆ. ದ್ವಿತಳಿಯ ದೊಡ್ಡ ಲಾಟುಗಳಿಗೆ ಮೊದಲು, ಉಳಿದವಕ್ಕೆ ಆಮೇಲೆ. ಇದು ಮಾರುಕಟ್ಟೆಯನ್ನು ಸರಿಮಾಡುವ ಕೆಲಸ. ಮಾರುಕಟ್ಟೆಯಿಂದ ಹೊರಗೆ ಓಡಲು ಇದನ್ನು ನೆಪ ಮಾಡಿಕೊಳ್ಳಬೇಡಿ.

ಮೂರನೆಯ ಮಾತು ರೀಲರ್‌ಗಳದ್ದು, ಮತ್ತು ಅದನ್ನು ಕೇಳುವಾಗ ನನಗೆ ಹೊಟ್ಟೆ ಚುರ್ರೆನ್ನುತ್ತದೆ. ಇ-ಹರಾಜು, ಇ-ಪಾವತಿ ಬಂದ ಮೇಲೆ ರೀಲರ್ ಮೊದಲು ಹಣ ಕಟ್ಟಿರಬೇಕು, ಆ ಮೊತ್ತದೊಳಗೇ ಬಿಡ್ ಮಾಡಬೇಕು. ತೂಕವಾದ ಮೇಲೆ ಹಣ ರೈತರ ಬ್ಯಾಂಕ್ ಖಾತೆಗೆ ಹೋಗುತ್ತದೆ. ನೂಲನ್ನು ಮಾತ್ರ ಅವರು ವರ್ತಕರಿಗೆ ಉದ್ರಿ ಕೊಡುತ್ತಾರೆ. ವರ್ತಕರು ನೇಕಾರರಿಂದ ಬಂದಾಗ ಕೊಡುತ್ತಾರೆ, ನೇಕಾರರಿಗೆ ಸೀರೆ ಅಂಗಡಿಯಿಂದ ಬರಬೇಕು. ಬೆಳಿಗ್ಗೆ ನಗದು ಕೊಟ್ಟು ತಿಂಗಳಾಚೆ ವಸೂಲಿಗೆ ಅಲೆಯುವುದು ರೀಲರ್‌ಗಳ ಬದುಕು. ನಾಲ್ಕು ಕಾಟೇಜ್ ಬೇಸಿನ್ ಇಟ್ಟುಕೊಂಡ ಸಣ್ಣ ರೀಲರ್‌ಗಳಿಗೆ ಇದು ಕತ್ತು ಹಿಸುಕಿದಂತೆ. ಆದ್ದರಿಂದ ರೈತರು ಒಂದು ವಾರ, ಹದಿನೈದು ದಿನ ಸಾಲ ಕೊಡಲಿ, ಅದನ್ನು ಕರಾರಿನಲ್ಲಿ ಬರೆಯೋಣ ಎನ್ನುತ್ತಾರೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಇದಕ್ಕೇ ಹೇಳಿದ್ದು. ಉದ್ರಿ ಹುಟ್ಟುವುದು ನೂಲಿನ ಪೇಟೆಯಲ್ಲಿ, ಚಿಕಿತ್ಸೆಯೂ ಅಲ್ಲೇ ಆಗಬೇಕು. ಅದಕ್ಕೆ ಔಷಧ ಇಲ್ಲದೆಯೂ ಇಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸಣ್ಣ ಉತ್ಪಾದಕರಿಂದ ಮಾಲು ಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2023ರಲ್ಲಿ ಆದಾಯ ತೆರಿಗೆ ಕಾಯ್ದೆಯ 43ಬಿ ಕಲಮಿಗೆ ಮಾಡಿದ ಸೇರ್ಪಡೆಯಂತೆ, ಹಾಗೆ ಬಾಕಿ ಇಟ್ಟ ಹಣವನ್ನು ವರ್ತಕರು ಆ ವರ್ಷದ ಖರ್ಚಿನಲ್ಲಿ ತೋರಿಸುವಂತೆಯೂ ಇಲ್ಲ. ನೂಲು ತೆಗೆಯುವ ರೀಲರ್ ಉತ್ಪಾದಕರೇ. ಉದ್ಯಮ್ ನೋಂದಣಿ ಮಾಡಿಸಿ, ಬಿಲ್ಲು ಬರೆದು ಮಾರಿದರೆ ಈ ಕಾಯ್ದೆ ಅವರ ಕೈಯಲ್ಲಿರುತ್ತದೆ. ಎಷ್ಟು ರೀಲರ್‌ಗಳು ಬಿಲ್ಲು ಬರೆದು ಮಾರುತ್ತಾರೆ ಎಂಬುದು ಅವರ ಸಂಘದವರು ಒಳಗೊಳಗೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಕರ್ನಾಟಕ ರೇಷ್ಮೆ ಮಾರಾಟ ಮಂಡಳಿ 1979ರಲ್ಲಿ ಹುಟ್ಟಿದ್ದೂ ನೂಲು ಕೊಂಡು ಬೆಲೆಗೆ ಊರೆಗೋಲು ಕೊಡಲೆಂದೇ. ಬೆಲೆ ಬಿದ್ದ ವಾರ ಅದು ನೂಲನ್ನು ಅಡವಿಟ್ಟುಕೊಂಡು ಕೈಸಾಲ ಕೊಟ್ಟರೆ ಸಣ್ಣ ರೀಲರ್ ಮರುದಿನದ ಹರಾಜಿಗೆ ಬರಬಲ್ಲರು. ಆ ಮಂಡಳಿಗೆ ಬಂಡವಾಳ ಕೇಳಲು ರೈತರೂ ರೀಲರ್‌ಗಳೂ ಒಟ್ಟಿಗೆ ವಿಧಾನಸೌಧಕ್ಕೆ ಹೋಗಲಿ, ನಾನೂ ಬರುತ್ತೇನೆ.

ರೈತರು ಸಾಲ ಕೊಡಬೇಕೆನ್ನುವವರು ಇನ್ನೊಂದನ್ನು ಮರೆಯುತ್ತಾರೆ. ಒತ್ತಡ ಯಾವಾಗಲೂ ಇಳಿಜಾರಿನ ಕಡೆಗೇ ಹರಿಯುತ್ತದೆ. ರೀಲಿಂಗ್ ಮನೆಗಳಲ್ಲಿ ಮುಂಗಡ ಕೊಟ್ಟು ಕೆಲಸದವರನ್ನು, ಅವರ ಮಕ್ಕಳನ್ನು ಬಿಸಿನೀರಿನ ಬಾಣಲೆಯ ಮುಂದೆ ಕಟ್ಟಿಹಾಕಿದ್ದ ಕಾಲ ಬಹಳ ಹಿಂದಿನದಲ್ಲ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಹೊರತಂದ ವರದಿ ನಮ್ಮ ರಾಜ್ಯದ ರೇಷ್ಮೆ ಘಟಕಗಳ ಜೀತದ ಮಕ್ಕಳ ಬಗ್ಗೆಯೇ ಪುಟಗಟ್ಟಲೆ ಬರೆದಿತ್ತು. ಮುಂಗಡ ಎಂಬುದು ಬಲವಿದ್ದವರ ಕೈಯಲ್ಲಿ ಹಗ್ಗವಾಗುತ್ತದೆಂದು ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊಟ್ಟೆಗೆ ಮುಂಗಡ, ಔಷಧಿಗೆ ಮುಂಗಡ, ಮಗಳ ಮದುವೆಗೆ ಮುಂಗಡ ಎಂದು ಕಾರ್ಖಾನೆಯ ಪುಸ್ತಕದಲ್ಲಿ ರೈತರ ಹೆಸರು ಬರೆಯಲು ಶುರುವಾದರೆ, ಆ ಪುಸ್ತಕ ಮುಚ್ಚುವ ದಿನ ಬರುವುದಿಲ್ಲ.

ಮಾವಿನ ತೋಟದವರನ್ನು ಕೇಳಿ. ಹೂವಿನಲ್ಲೇ ಫಸಲನ್ನು ಗುತ್ತಿಗೆಗೆ ಕೊಡುವುದು ಮಾಗಡಿ, ಕನಕಪುರ, ರಾಮನಗರದಲ್ಲಿ ಹಳೆಯ ರೂಢಿ. ಕಾಗದದ ಮೇಲೆ ಅದು ಚೆಂದದ ಅಪಾಯ ಹಂಚಿಕೆ: ಗಾಳಿ, ಆಲಿಕಲ್ಲು, ಬೆಲೆ ಎಲ್ಲ ಗುತ್ತಿಗೆದಾರರ ತಲೆಗೆ. ಹಣ ಬರುವುದು ಕಂತಿನಲ್ಲಿ. ಫಸಲು ಒಳ್ಳೆಯದಾದ ವರ್ಷ ಕೊನೆಯ ಕಂತು ಬರುತ್ತದೆ. ಕೆಟ್ಟ ವರ್ಷ ಗುತ್ತಿಗೆದಾರರ ಫೋನ್ ಸ್ವಿಚ್ ಆಫ್. 2025ರಲ್ಲಿ ತೋತಾಪುರಿ ಬೆಲೆ ಕುಸಿದು, ಚಿತ್ತೂರಿನವರು ಕರ್ನಾಟಕದ ಹಣ್ಣಿಗೆ ಗಡಿಯಲ್ಲಿ ತಡೆ ಹಾಕಿದಾಗ ಕೊನೆಗೆ ಕೇಂದ್ರ, ರಾಜ್ಯಗಳೇ ಬೆಲೆಯ ಕೊರತೆ ತುಂಬಿಕೊಡಲು ಮುಂದೆ ಬರಬೇಕಾಯಿತು. ಅಪಾಯವನ್ನು ಹೊತ್ತುಕೊಂಡಿದ್ದೇನೆ ಎಂದು ಬರೆದುಕೊಟ್ಟವರು ಅದನ್ನು ಹೊರಬಲ್ಲರೇ ಎಂದು ಮೊದಲೇ ನೋಡುವ ಉಪಾಯ ಒಂದೇ. ಹಣವನ್ನು ಮುಂಚೆ ಇಡಿಸಿಕೊಳ್ಳುವುದು. ಗೂಡು ಮಾರುಕಟ್ಟೆ ಮಾಡುವುದು ಅದನ್ನೇ.

ನಾಲ್ಕನೆಯದು, ಮಾರುಕಟ್ಟೆಯಲ್ಲೂ ಮೋಸವಿದೆಯಲ್ಲ ಎಂಬ ಆಕ್ಷೇಪ. ಇದೆ. ಸ್ಯಾಂಪಲ್ ಹೆಸರಲ್ಲಿ ಹಿಡಿ ಹಿಡಿ ಗೂಡು ಹೋಗುತ್ತದೆ. ರೀಲರ್‌ಗಳು ಮೊದಲೇ ಮಾತಾಡಿಕೊಂಡು ಒಬ್ಬರ ಮೇಲೊಬ್ಬರು ಕೂಗದಿರುವುದುಂಟು. ಸರ್ವರ್ ಕೈಕೊಟ್ಟ ದಿನ ಬಿಸಿಲೇರಿದಂತೆ ಗೂಡಿನ ತೂಕವೂ ರೈತರ ತಾಳ್ಮೆಯೂ ಇಳಿಯುತ್ತವೆ. ದೂರದಿಂದ ಬಂದವರು ದರ ತಿರಸ್ಕರಿಸುವ ಹಕ್ಕಿದ್ದರೂ ವಾಪಸ್ ಸಾಗಿಸುವ ಖರ್ಚು ನೆನೆದು ಸುಮ್ಮನೆ ಸಹಿ ಹಾಕುತ್ತಾರೆ. ಹಾಗೆಂದು ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬೇಕೇ? ಮಾರುಕಟ್ಟೆಯಲ್ಲಿ ತೂಕದಲ್ಲಿ ಮೋಸವಾದರೆ ಪಕ್ಕದ ಜಾಲರಿಯವರು ನೋಡಿರುತ್ತಾರೆ, ಗಲಾಟೆಯಾಗುತ್ತದೆ, ಉಪನಿರ್ದೇಶಕರ ಕೊಠಡಿಗೆ ನಾಲ್ಕು ಜನ ನುಗ್ಗುತ್ತಾರೆ, ರೀಲರ್ ಲೈಸೆನ್ಸಿಗೆ ಕುತ್ತು ಬರಬಹುದು. ಕಾರ್ಖಾನೆಯ ಗೇಟಿನೊಳಗಿನ ತೂಕದ ಯಂತ್ರಕ್ಕೆ ಸಾಕ್ಷಿ ಯಾರು? ಗೇಟಿನ ಕಾವಲುಗಾರ.

ಸರ್ಕಾರಕ್ಕೇಕೆ ಈ ವ್ಯಾಪಾರ ಎಂಬ ಐದನೆಯ ವಾದಕ್ಕೆ ಹೆಚ್ಚು ಬರೆಯುವುದಿಲ್ಲ. ಸರ್ಕಾರ ಅಲ್ಲಿ ವ್ಯಾಪಾರ ಮಾಡುತ್ತಿಲ್ಲ, ತಕ್ಕಡಿ ಹಿಡಿದಿದೆ. ಬಿತ್ತನೆ, ಗೂಡು, ನೂಲು ಮೂರನ್ನೂ ನಿಯಂತ್ರಿಸುವ 1959ರ ಕಾಯ್ದೆ ಸುಮ್ಮನೆ ಬರಲಿಲ್ಲ. ಮನೆ ಬಾಗಿಲಿಗೆ ಬಂದು ಕೊಳ್ಳುವವರು, ಸಾಲ ಕೊಟ್ಟವರು, ತೂಕ ಹಾಕುವವರು ಮೂವರೂ ಒಬ್ಬರೇ ಆಗಿದ್ದ ಕಾಲವನ್ನು ಕಂಡವರು ಅದನ್ನು ಬರೆದರು.

ಸಲಹೆಗಾರರಿಗೆ ಒಂದು ಮಾತನ್ನು ಬೇರೆಯಾಗಿ ಹೇಳಬೇಕು. 1999ರಿಂದ ಕಾರು ತಯಾರಾಗುತ್ತಿರುವ ಬಿಡದಿಯಲ್ಲಿ ಪೂರೈಕೆದಾರರ ಅಪಾಯ ನಿರ್ವಹಣೆ ಎಂಬ ಶಾಸ್ತ್ರ ಚೆನ್ನಾಗಿ ಬೆಳೆದಿದೆ. ಬಿಡಿಭಾಗ ಹೊತ್ತಿಗೆ ಬಾರದಿದ್ದರೆ ಏನು, ಕಳಪೆಯಾದರೆ ಏನು, ಪೂರೈಕೆದಾರ ಮುಳುಗಿದರೆ ಏನು ಎಂದು ಪಟ್ಟಿ ಮಾಡಿ, ಅಂಕ ಕೊಟ್ಟು, ದಂಡ ಬರೆಯುತ್ತಾರೆ. ಆ ಪಟ್ಟಿಯ ಪ್ರತಿ ಪ್ರಶ್ನೆಯೂ ಕೊಡುವವರು ಕೈಕೊಟ್ಟರೆ ಎಂದು ಶುರುವಾಗುತ್ತದೆ, ಯಾಕೆಂದರೆ ಅದನ್ನು ಬರೆದವರು ಕೊಳ್ಳುವವರು. ಕಾರಿನ ಕಂಪನಿ ತನ್ನ ಮಾತಿಗೆ ತಪ್ಪಿದರೆ ನಟ್ಟು ಬೋಲ್ಟು ಸಾಯುವುದಿಲ್ಲ. ಗೂಡಿನಲ್ಲಿ ಪಟ್ಟಿಯ ಮೊದಲ ಸಾಲು ಕೊಳ್ಳುವವರು ಕೈಕೊಟ್ಟರೆ ಎಂದಿರಬೇಕು.

ಒಪ್ಪಂದವೇ ಬೇಡವೆಂದು ನಾನು ಹೇಳಿದೆ ಎಂದು ತಿರುಚಬೇಡಿ. ಅದು ಹೊಂದುವ ಒಂದು ಕಡೆ ಆಗಲೇ ಇದೆ, ಇಲ್ಲದ ಇನ್ನೊಂದು ಕಡೆ ತುರ್ತಾಗಿ ಬೇಕಿದೆ. ಮಾಗಡಿ, ಕುಣಿಗಲ್ ಕಡೆ ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವವರದ್ದು ಬೇರೆ ಲೋಕ. ಅಲ್ಲಿ ಗೂಡು ಬೇಕಾಗಿರುವುದು ನೂಲಿಗಲ್ಲ, ಮೊಟ್ಟೆಗೆ. ಪತಂಗ ಬರುವುದೇ ಗುರಿ. ಗಂಟು ರೋಗದ ಸುಳಿವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಪಾಸಾದರೆ ಬಿತ್ತನೆ ದರ, ಇಲ್ಲವಾದರೆ ನೂಲಿನ ಗೂಡಿನ ಸಾಲಿಗೆ. ಕೊಳ್ಳುವವರು ಕೆಲವರೇ, ಬೆಳೆಯುವವರು ನೋಂದಾಯಿತರು, ಪರೀಕ್ಷೆಗೆ ಇಲಾಖೆ ಇದೆ. ಅಂಥಲ್ಲಿ ಮೊದಲೇ ಮಾತಾಡಿಕೊಳ್ಳುವುದರಲ್ಲಿ ಅರ್ಥವಿದೆ.

ಈಗ ರೈತರೇ ಕೊಳ್ಳುವವರಾಗಿರುವ ಜಾಗಕ್ಕೆ ಬನ್ನಿ. ಈಚೆಗೆ ಬಹಳ ಮಂದಿ ಮೊಟ್ಟೆ ತಂದು ಮನೆಯಲ್ಲಿ ಮರಿ ಮಾಡುವುದಿಲ್ಲ. ಮರಿಹುಳು ಸಾಕುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ದಾಟಿದ ಹುಳುವನ್ನೇ ನೂರು ಮೊಟ್ಟೆಗೆ ಇಷ್ಟು ಎಂದು ದುಡ್ಡು ಕೊಟ್ಟು ತರುತ್ತಾರೆ. ಎಂಟು ಹತ್ತು ದಿನ ಸೊಪ್ಪು ಸುರಿದು, ಕೂಲಿ ಕೊಟ್ಟು, ನಿದ್ದೆಗೆಟ್ಟ ಮೇಲೆ ನಾಲ್ಕನೇ ಜ್ವರದಲ್ಲಿ ಹುಳು ಉರುಳಿದರೆ ಯಾರನ್ನು ಕೇಳುವುದು? ಮೊಟ್ಟೆಯವರು ಚಾಕಿಯವರನ್ನು ತೋರಿಸುತ್ತಾರೆ, ಚಾಕಿಯವರು ನಿಮ್ಮ ಮನೆ ಸೋಂಕು ತೊಳೆದಿಲ್ಲ ಎನ್ನುತ್ತಾರೆ, ಸೊಪ್ಪಿಗೆ ಪಕ್ಕದ ತೋಟದ ಔಷಧಿ ತಗುಲಿದೆ ಎನ್ನುತ್ತಾರೆ. ಇರಬಹುದು, ಮೂರೂ ಸಾಧ್ಯ. ಸಾಬೀತು ಮಾಡಲು ರೈತರ ಬಳಿ ಇರುವುದು ಹೆಸರು ಮೊತ್ತ ಬರೆದ ತುಂಡು ಚೀಟಿ, ಕೆಲವೊಮ್ಮೆ ಅದೂ ಇಲ್ಲ. ಕೇಂದ್ರ ರೇಷ್ಮೆ ಮಂಡಳಿ ಕಾಯ್ದೆಗೆ 2006ರಲ್ಲಿ ತಿದ್ದುಪಡಿ ತಂದು ಬಿತ್ತನೆ ಗುಣಮಟ್ಟಕ್ಕೆ, ಮೊಟ್ಟೆ ತಯಾರಕರ, ಚಾಕಿ ಸಾಕುವವರ ನೋಂದಣಿಗೆ ದಾರಿ ಮಾಡಿದ್ದಾರೆ. ಆ ನೋಂದಣಿಯ ಫಲ ರೈತರ ಕೈಯ ಚೀಟಿಯಲ್ಲಿ ಕಾಣಬೇಕು: ಮೊಟ್ಟೆಯ ಲಾಟ್ ಸಂಖ್ಯೆ, ತಯಾರಕರ ನೋಂದಣಿ ಸಂಖ್ಯೆ, ಮೊಟ್ಟೆ ಒಡೆದ ದಿನ, ಹುಳು ಕೊಟ್ಟ ದಿನ. ಅದೇ ಲಾಟಿನ ಹುಳು ನಾಲ್ಕು ಮನೆಗೆ ಹೋಗಿ ನಾಲ್ಕರಲ್ಲೂ ಉರುಳಿದರೆ ತಪ್ಪು ಮೊಟ್ಟೆಯದ್ದೋ ಚಾಕಿಯದ್ದೋ, ಒಂದರಲ್ಲಿ ಮಾತ್ರ ಆದರೆ ಆ ಮನೆಯದ್ದು. ಇಷ್ಟು ಸರಳವಾದ ವಿವೇಚನೆಗೂ ಇವತ್ತು ದಾಖಲೆ ಇಲ್ಲ. ಪೂರೈಕೆದಾರರ ಒಪ್ಪಂದ ಬರೆಯುವ ಉತ್ಸಾಹವಿರುವವರು ಇಲ್ಲಿಂದ ಶುರು ಮಾಡಲಿ. ಇಲ್ಲಿ ರೈತರು ಕೊಳ್ಳುವವರು, ನಿಮ್ಮ ಪುಸ್ತಕದ ಪ್ರಶ್ನೆಗಳೆಲ್ಲ ಇಲ್ಲಿಗೆ ಸರಿಯಾಗಿ ಹೊಂದುತ್ತವೆ.

ಅದಾದ ಮೇಲೂ ನೂಲಿನ ಗೂಡಿಗೆ ಕರಾರು ಬೇಕೇಬೇಕು ಎಂದರೆ ಕರಡು ತನ್ನಿ, ಓದೋಣ. ಅದರಲ್ಲಿ ಈ ಕಲಮುಗಳಿರಲಿ. ಹುಳು ಚಂದ್ರಿಕೆ ಹತ್ತುವ ದಿನಕ್ಕೆ ಮುಂಚೆ ಕಾರ್ಖಾನೆ ಅಂದಾಜು ಮೊತ್ತವನ್ನು ಮಾರುಕಟ್ಟೆಯ ಖಾತೆಯಲ್ಲಿ ಕಟ್ಟಿರಬೇಕು. ತೂಕ, ಪರೀಕ್ಷೆ ಎರಡೂ ಮಾರುಕಟ್ಟೆಯ ಒಳಗೇ ಆಗಬೇಕು. ದರ ಆ ದಿನದ ಹರಾಜಿನ ಸರಾಸರಿಗಿಂತ ಕೆಳಗೆ ಇಳಿಯಬಾರದು. ಬೇಡವೆಂದು ತಿರಸ್ಕರಿಸುವುದಿದ್ದರೆ ಹರಾಜು ಶುರುವಾಗುವ ಮುಂಚೆ ಹೇಳಬೇಕು, ಅದೇ ಲಾಟು ಅದೇ ದಿನ ಪರದೆಯ ಮೇಲೆ ಬರಬೇಕು, ಹರಾಜಿನಲ್ಲಿ ಕಡಿಮೆ ಬಿದ್ದಷ್ಟನ್ನು ಕಾರ್ಖಾನೆ ಕಟ್ಟಿದ ಮೊತ್ತದಿಂದಲೇ ರೈತರ ಖಾತೆಗೆ ಹಾಕಬೇಕು. ಇದಕ್ಕೆ ಸಹಿ ಹಾಕುವ ಕಾರ್ಖಾನೆಯವರು ಯಾರಾದರೂ ಇದ್ದರೆ ಮುಂದೆ ಬರಲಿ.